ರಿಯಲ್ ಸೊಸಿಯೆದಾದ್ ಮತ್ತು ಅನೊಯೆತಾ ಅಂಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನಿನ ಫುಟ್‌ಬಾಲ್ ಲೀಗ್ ಆದ ಲಾ ಲಿಗಾ ಅಂದರೆ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೇ ಅಂದುಕೊಂಡವರು ಯಾವತ್ತೋ ಒಂದು ರಾತ್ರಿ ನೀಲಿ-ಬಿಳಿ ಪಟ್ಟೆಯ ಈ ತಂಡದ ಪಂದ್ಯ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚಾಗಿ ಕೇಳುವವುಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಉತ್ತರ ಉದ್ದ ಆಗಿವೆ, ಅದರಲ್ಲೂ ಅಂಗಳದ ವಿಷಯ ಬಂದಾಗ.

ಇದು ಯಾವ ಊರಿನ ಕ್ಲಬ್?

ಸ್ಪೇನಿನ ಉತ್ತರ ತುದಿಯಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ ಇರುವ ಸ್ಯಾನ್ ಸೆಬಾಸ್ಟಿಯನ್ ಊರಿನದು. ತಮ್ಮದೇ ಭಾಷೆ ಇರುವ ಬಾಸ್ಕ್ ಜನರ ನಾಡು ಇದು, ಅವರು ಅದೇ ಊರನ್ನು ದೊನೊಸ್ತಿಯಾ ಅನ್ನುತ್ತಾರೆ. ಕಡಲ ತೀರದ ಊರು. ಆದರೆ ಕ್ಲಬ್ಬನ್ನು ತಮ್ಮದು ಅನ್ನುವವರು ಊರಿನವರಷ್ಟೇ ಅಲ್ಲ, ಸುತ್ತಲಿನ ಇಡೀ ಗಿಪುಸ್ಕೊವಾ ಪ್ರಾಂತ್ಯದವರು. ಮೀನುಗಾರರ ಊರುಗಳು, ಒಳನಾಡಿನ ಕಾರ್ಖಾನೆ ಊರುಗಳು ಎಲ್ಲ ಸೇರಿ ಸುಮಾರು 7 ಲಕ್ಷ ಜನರ ಪುಟ್ಟ ಪ್ರಾಂತ್ಯ ಅದು. ಅಷ್ಟು ಜನರ ನಡುವಿನಿಂದ ಬಂದ ತಂಡ ಎರಡು ಸಲ ಸ್ಪೇನಿನ ಲೀಗ್ ಗೆದ್ದಿದೆ ಅನ್ನುವುದನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

ಹೆಸರಲ್ಲಿ ‘ರಿಯಲ್’ ಇದೆಯಲ್ಲ, ಮ್ಯಾಡ್ರಿಡ್ ಜೊತೆ ಏನಾದರೂ ನಂಟು?

ಏನೂ ಇಲ್ಲ. ರಾಜ ಕೊಟ್ಟ ಬಿರುದು ಅದು, ಸ್ಪೇನಿನ ಹಲವು ಕ್ಲಬ್‌ಗಳಿಗಿದೆ. ಈ ಕ್ಲಬ್ ಹುಟ್ಟಿದ್ದು 1909ರಲ್ಲಿ. ರಾಜ 13ನೇ ಅಲ್ಫೊನ್ಸೊ ಬೇಸಿಗೆ ಕಳೆಯಲು ಬರುತ್ತಿದ್ದದ್ದೇ ಸ್ಯಾನ್ ಸೆಬಾಸ್ಟಿಯನ್‌ಗೆ, 1910ರಲ್ಲಿ ಬಿರುದು ಸಿಕ್ಕಿತು. 1931ರಲ್ಲಿ ರಾಜನ ಆಳ್ವಿಕೆ ಹೋಗಿ ಗಣರಾಜ್ಯ ಬಂದಾಗ ‘ರಿಯಲ್’ ಕೂಡ ಹೋಯಿತು, ಕೆಲವು ವರ್ಷ ತಂಡ ದೊನೊಸ್ತಿಯಾ ಅನ್ನುವ ಹೆಸರಲ್ಲೇ ಆಡಿತು. ಊರಿನವರು ಸುಮ್ನೆ ‘ರೆಯಾಲಾ’ ಅಂತಾರೆ. ಅಲ್ಲಿ ಹೋಗಿ ಆ ಹೆಸರು ಹೇಳಿದರೆ ಯಾರಿಗೂ ಮ್ಯಾಡ್ರಿಡ್ ನೆನಪಾಗುವುದಿಲ್ಲ.

ಅನೊಯೆತಾ, ರಿಯಾಲೆ ಅರೆನಾ – ಎರಡೂ ಒಂದೇನಾ?

ಒಂದೇ. 2019ರಿಂದ ಒಂದು ವಿಮಾ ಕಂಪನಿಯ ಹೆಸರು ಸೇರಿ ರಿಯಾಲೆ ಅರೆನಾ ಆಯಿತು. ಟಿಕೆಟ್ ಮೇಲೆ, ಟಿವಿಯಲ್ಲಿ ಹೊಸ ಹೆಸರು. ಜನರ ಬಾಯಲ್ಲಿ ಮಾತ್ರ ಈಗಲೂ ಅನೊಯೆತಾ.

ಇಲ್ಲೊಂದು ಎಚ್ಚರಿಕೆ. ಇದೇ ಗಿಪುಸ್ಕೊವಾದಲ್ಲಿ, ತೊಲೊಸಾ ಪಟ್ಟಣದ ಪಕ್ಕ, ಅನೊಯೆತಾ ಅನ್ನುವ ಹಳ್ಳಿಯೊಂದಿದೆ. ಅದಕ್ಕೂ ಒಂದು ರೈಲು ನಿಲ್ದಾಣವಿದೆ. ಫೋನಿನ ಮ್ಯಾಪ್‌ನಲ್ಲಿ ಮೊದಲು ಕಂಡ ಅನೊಯೆತಾವನ್ನು ಒತ್ತಿ ಹೊರಟರೆ ಪಂದ್ಯದ ಬದಲು ಹಳ್ಳಿ ನೋಡಿಕೊಂಡು ಬರಬೇಕಾಗುತ್ತದೆ.

ಅನೊಯೆತಾಕ್ಕೆ ಮೊದಲು ತಂಡ ಎಲ್ಲಿ ಆಡುತ್ತಿತ್ತು?

ಆತೊಚಾದಲ್ಲಿ. 1913ರಿಂದ 1993ರವರೆಗೆ, ಎಂಬತ್ತು ವರ್ಷ. ಚಿಕ್ಕದು, ಇಕ್ಕಟ್ಟು. ಒಂದು ಬದಿ ರೈಲು ಹಳಿ, ಪಕ್ಕದಲ್ಲೇ ಹಣ್ಣು ತರಕಾರಿ ಮಾರುಕಟ್ಟೆ. ಕಡಲ ಊರಿನ ಮಳೆಗೆ ಅಂಗಳ ಕೆಸರಾಗುತ್ತಿತ್ತು. ಥ್ರೋ ಹೊಡೆಯಲು ಗೆರೆಯ ಹತ್ತಿರ ಬಂದ ಎದುರಾಳಿಯ ಬೆನ್ನ ಹಿಂದೆಯೇ ಜನ. ಬೈಗುಳ ಸೀದಾ ಕಿವಿಗೆ ಬೀಳುತ್ತಿತ್ತು. ದೊಡ್ಡ ತಂಡಗಳು ಅಲ್ಲಿಗೆ ಬರಲು ಇಷ್ಟಪಡುತ್ತಿರಲಿಲ್ಲ ಅಂದರೆ ಆಶ್ಚರ್ಯ ಏನಿಲ್ಲ.

ಕ್ಲಬ್ಬಿನ ಒಳ್ಳೆಯ ದಿನಗಳಲ್ಲಿ ಹೆಚ್ಚಿನವು ಆತೊಚಾದ್ದೇ. 1982ರಲ್ಲಿ ಲೀಗ್ ಖಚಿತವಾಗಿದ್ದು ಅಲ್ಲೇ, ಅದೂ ಪಕ್ಕದ ಬಿಲ್ಬಾವೊದ ಅಥ್ಲೆಟಿಕ್ ತಂಡವನ್ನು 2-1ರಿಂದ ಸೋಲಿಸಿ. ಈಗ ಆ ಜಾಗದಲ್ಲಿ ಮನೆಗಳಿವೆ.

ಹೊಸ ಅಂಗಳ ಬಂದ ಮೇಲೂ ಜನ ಗೊಣಗುತ್ತಿದ್ದರಂತೆ, ಯಾಕೆ?

ಟ್ರ್ಯಾಕ್‌ನಿಂದ. ಈ ಕ್ಲಬ್ಬಿನ ಬಗ್ಗೆ ಒಂದೇ ಒಂದು ವಿಷಯ ತಿಳಿದುಕೊಳ್ಳುವುದಾದರೆ ಇದನ್ನು ತಿಳಿದುಕೊಳ್ಳಿ.

1993ರಲ್ಲಿ ಅನೊಯೆತಾ ಶುರುವಾದಾಗ ಅದು ಫುಟ್‌ಬಾಲಿಗೇ ಅಂತ ಕಟ್ಟಿದ ಅಂಗಳ ಆಗಿರಲಿಲ್ಲ. ನಗರಸಭೆಯದು, ಎಲ್ಲ ಆಟಕ್ಕೂ ಬೇಕು ಅಂತ ಕಟ್ಟಿದ್ದು. ಹುಲ್ಲಿನ ಸುತ್ತ ಓಟದ ಟ್ರ್ಯಾಕ್. ಸುಮಾರು 32,000 ಜನ ಕೂರಬಹುದಿತ್ತು, ಆತೊಚಾಕ್ಕಿಂತ ಎಷ್ಟೋ ದೊಡ್ಡದು, ಶುಚಿ. ಆದರೆ ಆಟ ದೂರ ಹೋಯಿತು.

ಎಷ್ಟು ದೂರ? ಲೆಕ್ಕ ಹಾಕೋಣ. ಸಾಮಾನ್ಯವಾಗಿ 400 ಮೀಟರ್ ಟ್ರ್ಯಾಕ್‌ನಲ್ಲಿ 1.22 ಮೀಟರ್ ಅಗಲದ ಎಂಟು ಲೇನ್ ಇರುತ್ತವೆ. ಅಂದರೆ ಪಕ್ಕದಲ್ಲೇ ಹತ್ತು ಮೀಟರ್ ಹೋಯಿತು. ಗೋಲಿನ ಹಿಂದಿನ ಕತೆ ಇನ್ನೂ ಕೆಟ್ಟದು, ಅಲ್ಲಿ ಟ್ರ್ಯಾಕ್ ಅರ್ಧ ವೃತ್ತವಾಗಿ ತಿರುಗುತ್ತದೆ. ಟ್ರ್ಯಾಕಿನ ಒಳಗಿನ ಜಾಗದ ಉದ್ದ ಸುಮಾರು 157 ಮೀಟರ್, ಫುಟ್‌ಬಾಲ್ ಅಂಗಳ 105 ಮೀಟರ್. ಮಿಕ್ಕಿದ್ದನ್ನು ಎರಡೂ ತುದಿಗೆ ಹಂಚಿದರೆ ಗೋಲಿನ ಹಿಂದೆ 26 ಮೀಟರ್ ಖಾಲಿ. ಅದಕ್ಕೆ ಲೇನ್‌ಗಳ ಹತ್ತು ಮೀಟರ್ ಸೇರಿಸಿ. ಮೊದಲ ಸಾಲಿನಲ್ಲಿ ಕೂತವನಿಗೇ ಗೋಲು 36 ಮೀಟರ್ ದೂರ! ತಂಡಕ್ಕಾಗಿ ಗಂಟಲು ಹರಿದುಕೊಳ್ಳುವವರು ಕೂರುವುದು ಗೋಲಿನ ಹಿಂದೆಯೇ ಅನ್ನುವುದನ್ನೂ ನೆನಪಿಡಿ. ಕಂಠೀರವದಲ್ಲಿ ಕೂತು ಫುಟ್‌ಬಾಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿನ ಹಿರಿಯರು ಪ್ರತಿ ಸೋಲಿಗೂ ‘ಆತೊಚಾದಲ್ಲಾಗಿದ್ದರೆ...’ ಅಂತ ಶುರು ಮಾಡುತ್ತಿದ್ದರು. ಅದರಲ್ಲಿ ಅರ್ಧ ಹಳೆಯದರ ಮೋಹ ಇರಬಹುದು. ಇನ್ನರ್ಧ ಈ 36 ಮೀಟರ್.

ಹಾಗಾದರೆ ಟ್ರ್ಯಾಕನ್ನು ಮೊದಲೇ ಯಾಕೆ ತೆಗೆಯಲಿಲ್ಲ?

ಅಂಗಳ ಕ್ಲಬ್ಬಿನದಲ್ಲ, ಊರಿನದು. ಓಟಗಾರರಿಗೂ ಅದರ ಮೇಲೆ ಅಷ್ಟೇ ಹಕ್ಕಿತ್ತು. ಅವರಿಗೆ ಬೇರೆ ಜಾಗ ತೋರಿಸದೆ ಎಬ್ಬಿಸುವ ಹಾಗಿರಲಿಲ್ಲ, ಎಬ್ಬಿಸಬಾರದಿತ್ತು ಕೂಡ. ಕ್ಲಬ್ಬಿನ ಬಳಿ ದುಡ್ಡೂ ಇರಲಿಲ್ಲ. 2007ರಲ್ಲಿ ತಂಡ ಎರಡನೇ ದರ್ಜೆಗೆ ಬಿತ್ತು, ಮೊದಲ ದರ್ಜೆಯಲ್ಲಿ ಒಂದೇ ಸಮನೆ ನಲವತ್ತು ವರ್ಷ ಕಳೆದ ಮೇಲೆ. ಸಾಲ ತೀರಿಸಲಾಗದೆ ಕೋರ್ಟಿನ ರಕ್ಷಣೆಗೆ ಹೋಗಬೇಕಾಯಿತು. ಮೂರು ವರ್ಷ ಕೆಳಗೇ ಇದ್ದು 2010ರಲ್ಲಿ ಮೇಲೆ ಬಂತು. ಮನೆ ಉಳಿದರೆ ಸಾಕು ಅನ್ನುವ ಕಾಲದಲ್ಲಿ ಮನೆ ರಿಪೇರಿಯ ಮಾತು ಯಾರು ಎತ್ತುತ್ತಾರೆ?

ಕೊನೆಗೆ ಕೆಲಸ ಆಗಿದ್ದು ಯಾವಾಗ? ಹೇಗೆ?

2017ರ ಬೇಸಿಗೆಯಲ್ಲಿ ಶುರು, 2019ರಲ್ಲಿ ಮುಗಿಯಿತು. ಮೊದಲು ಟ್ರ್ಯಾಕ್ ಕಿತ್ತರು. ಆಮೇಲೆ ಕೆಳಗಿನ ಸ್ಟ್ಯಾಂಡ್‌ಗಳನ್ನು ಅಂಗಳದ ಅಂಚಿನವರೆಗೆ ತಂದು ಕಟ್ಟಿದರು, ಮೇಲೆ ಹೊಸ ಚಾವಣಿ ಬಂತು. ಈಗ 39,000ಕ್ಕೂ ಜಾಸ್ತಿ ಜನ ಕೂರಬಹುದು. ಅಂಗಳ ದೊಡ್ಡದಾಗಿದ್ದು ಹೊರಕ್ಕೆ ಅಲ್ಲ, ಒಳಕ್ಕೆ. ಹೆಚ್ಚಾದ ಸೀಟುಗಳೆಲ್ಲ ಆಟಕ್ಕೆ ಹತ್ತಿರದವು.

ತಂಡ ಬೇರೆ ಊರಿಗೆ ಗುಳೆ ಹೋಗಲಿಲ್ಲ. ಒಂದು ಕಡೆ ಕ್ರೇನ್, ಇನ್ನೊಂದು ಕಡೆ ಪಂದ್ಯ. 2018-19ರ ಲೀಗ್ ಶುರುವಾದಾಗ ಅಂಗಳ ತಯಾರಿಲ್ಲ ಅಂತ ಮೊದಲ ಮೂರು ಪಂದ್ಯಗಳನ್ನೂ ಹೊರಗೇ ಆಡಿದರು. 2018ರ ಸೆಪ್ಟೆಂಬರ್ 15ರಂದು ಬಾರ್ಸಿಲೋನಾ ಬಂತು. ಉತ್ತರದ ತುದಿಯಲ್ಲಿ ಆಗಲೂ ಕೆಲಸ ಬಾಕಿ. ಹನ್ನೆರಡನೇ ನಿಮಿಷದಲ್ಲಿ ಊರಿನದೇ ಪ್ರಾಂತ್ಯದ ಹುಡುಗ, ಡಿಫೆಂಡರ್ ಅರಿತ್ಸ್ ಎಲುಸ್ತೊಂದೊ ಗೋಲು ಹೊಡೆದ. ಆಮೇಲೆ ಸುವಾರೆಸ್, ಡೆಂಬೆಲೆ ಮೂರೇ ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದು ಬಾರ್ಸಿಲೋನಾ 2-1ರಿಂದ ಗೆದ್ದಿತು. ಗೃಹಪ್ರವೇಶದ ದಿನವೇ ಸೋಲು. ಆದರೂ ಜನ ಮಾತಾಡಿದ್ದು ಜಾಸ್ತಿ ಅಂಗಳದ ಬಗ್ಗೆಯೇ.

ಓಟಗಾರರು ಎಲ್ಲಿ ಹೋದರು?

ದೂರ ಎಲ್ಲೂ ಇಲ್ಲ. ಪಕ್ಕದಲ್ಲೇ ಇರುವ ಚಿಕ್ಕ ಅಂಗಳದಲ್ಲಿ ಅಥ್ಲೆಟಿಕ್ಸ್ ನಡೆಯುತ್ತದೆ. ಆ ಇಡೀ ಪ್ರದೇಶ ಆಟದ ಕೇರಿಯೇ, ಸೈಕಲ್ ಓಟದ ಒಳಾಂಗಣವೂ ಅಲ್ಲೇ ಇದೆ.

ಹೊರಗಿನ ಆ ನೀಲಿ ಹೊದಿಕೆ ಏನು, ಗಾಜಾ?

ಗಾಜಲ್ಲ, ಇಟಿಎಫ್ಇ ಅನ್ನುವ ಒಂದು ಬಗೆಯ ತೆಳು ಪ್ಲಾಸ್ಟಿಕ್ ಹಾಳೆ. ಮ್ಯೂನಿಕ್‌ನ ಅಲಿಯಾನ್ಸ್ ಅರೆನಾಕ್ಕೂ ಅದೇ. ಹಗುರ, ಬೆಳಕು ಒಳಗೆ ಬಿಡುತ್ತದೆ, ರಾತ್ರಿ ದೀಪ ಹಾಕಿದರೆ ದೂರದಿಂದಲೇ ಕಾಣುತ್ತದೆ. ಫೋಟೋಗೆ ಚೆಂದ. ನನ್ನನ್ನು ಕೇಳಿದರೆ ಇದಿಲ್ಲದಿದ್ದರೂ ನಡೆಯುತ್ತಿತ್ತು, ಚಾವಣಿ ಮತ್ತು ಹತ್ತಿರದ ಸೀಟು ಇಲ್ಲದೆ ನಡೆಯುತ್ತಿರಲಿಲ್ಲ.

ದಕ್ಷಿಣದ ಸ್ಟ್ಯಾಂಡಿಗೆ ಒಬ್ಬ ಅಭಿಮಾನಿಯ ಹೆಸರು ಯಾಕೆ?

ಅಯಿತೊರ್ ಸಬಾಲೆತಾ ಈ ತಂಡದ ಅಭಿಮಾನಿ. 1998ರ ಡಿಸೆಂಬರ್ 8ರಂದು ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಯುರೋಪಿನ ಕ್ಲಬ್‌ಗಳ ಯುಇಎಫ್ಎ ಕಪ್ ಪಂದ್ಯ ನೋಡಲು ಮ್ಯಾಡ್ರಿಡ್‌ಗೆ ಹೋಗಿದ್ದರು. ಪಂದ್ಯ ಶುರುವಾಗುವ ಮೊದಲೇ, ಅಂಗಳದ ಹೊರಗೆ ಅವರಿಗೆ ಚಾಕು ಹಾಕಿದರು. ಅವರು ಬದುಕಲಿಲ್ಲ. ಅಂಗಳ ಹೊಸದಾದಾಗ, ಹಾಡು ಘೋಷಣೆ ಏಳುವ ದಕ್ಷಿಣದ ಸ್ಟ್ಯಾಂಡಿಗೆ ಅವರ ಹೆಸರಿಟ್ಟರು. ಮೊದಲ ಸಲ ಅಲ್ಲಿಗೆ ಹೋಗುವವರು ಟಿಕೆಟ್ ಮೇಲೆ ಆ ಹೆಸರು ಕಂಡು ಹಳೆಯ ಆಟಗಾರ ಅಂದುಕೊಳ್ಳುವುದುಂಟು.

ಗೋಲು ಬಿದ್ದಾಗ ಹೊರಗೆ ಪಟಾಕಿ ಸದ್ದು ಕೇಳುತ್ತದಲ್ಲ?

ಅದು ರಾಕೆಟ್. ಆತೊಚಾ ಕಾಲದ ಪದ್ಧತಿ. ಪಾಟ್ಸಿ ಅಲ್ಕೊರ್ತಾ ಅನ್ನುವವರು 1960ರ ದಶಕದಲ್ಲಿ ಶುರು ಮಾಡಿದ್ದು. ಎದುರಾಳಿ ಗೋಲು ಹೊಡೆದರೆ ಒಂದು ರಾಕೆಟ್. ನಮ್ಮವರು ಹೊಡೆದರೆ ಎರಡು. ಕಡಲಲ್ಲಿ ದೋಣಿ ಮೇಲಿದ್ದ ಮೀನುಗಾರರಿಗೂ ಸ್ಕೋರ್ ಗೊತ್ತಾಗಲಿ ಅಂತ.

ಇದರ ಮಜಾ ಇರುವುದು ಮೊದಲ ಮತ್ತು ಎರಡನೇ ಸದ್ದಿನ ನಡುವೆ. ಒಂದು ಢಂ ಕೇಳಿತು. ಬಂದರಿನಲ್ಲಿ ಬಲೆ ಬಿಡಿಸುತ್ತಿದ್ದವನ ಕೈ ನಿಲ್ಲುತ್ತದೆ. ಇನ್ನೊಂದು ಬರುತ್ತಾ? ಬಂದರೆ ಹಬ್ಬ, ಬರದಿದ್ದರೆ ಬೈಗುಳ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ರಾಕೆಟ್ ಬೇಕಿಲ್ಲ. ಆದರೂ ಅನೊಯೆತಾಕ್ಕೂ ಆ ಪದ್ಧತಿ ಜೊತೆಗೇ ಬಂತು. ನೀವು ಪಂದ್ಯದ ದಿನ ಊರಲ್ಲಿದ್ದು ಟಿಕೆಟ್ ಸಿಗದಿದ್ದರೆ ಹೊರಗೆ ನಿಂತು ಎಣಿಸಬಹುದು.

ತಂಡ ಗೆದ್ದಿದ್ದೆಷ್ಟು?

ಲೀಗ್ ಎರಡು ಸಲ: 1980-81 ಮತ್ತು 1981-82. ಸ್ಪೇನಿನ ಕಪ್ ಅಂದರೆ ಕೊಪಾ ದೆಲ್ ರೇಯನ್ನು 1987ರಲ್ಲಿ, ಆಮೇಲೆ 2020ರ ಸಾಲಿನದ್ದು. 1909ರ ಕಪ್ಪನ್ನೂ ತಮ್ಮ ಲೆಕ್ಕಕ್ಕೆ ಸೇರಿಸುತ್ತಾರೆ, ಆಗ ಈ ಆಟಗಾರರು ಆಡಿದ್ದು ಒಂದು ಸೈಕಲ್ ಕ್ಲಬ್ಬಿನ ಹೆಸರಲ್ಲಿ. 1982ರ ಸೂಪರ್ ಕಪ್ ಒಂದು.

ಮೊದಲ ಲೀಗ್ ಗೆದ್ದ ರೀತಿಯನ್ನು ಮಾತ್ರ ಪೂರ್ತಿ ಹೇಳಲೇಬೇಕು. ಅದರ ಹಿಂದಿನ ವರ್ಷ ಲೀಗ್ ಮುಗಿಯಲು ಎರಡೇ ಪಂದ್ಯ ಬಾಕಿ ಇರುವವರೆಗೂ ಸೋಲೇ ಕಾಣದೆ ಬಂದ ತಂಡ, ಸೆವಿಯಾ ಎದುರು ಸೋತು ಕಿರೀಟ ಕಳೆದುಕೊಂಡಿತ್ತು. 1981ರ ಏಪ್ರಿಲ್ 26, ಕೊನೆಯ ದಿನ. ಹಿಹೊನ್ ಊರಿನಲ್ಲಿ ಸ್ಪೋರ್ಟಿಂಗ್ ಎದುರು ಪಂದ್ಯ, ಮಳೆ. ಡ್ರಾ ಆದರೂ ಸಾಕು, ಆದರೆ 2-1ರಿಂದ ಹಿಂದೆ. ಅತ್ತ ವಯಾದೊಲಿದ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಗೆದ್ದು, ತಾವೇ ಚಾಂಪಿಯನ್ ಅಂತ ಕುಣಿಯಲು ಶುರು ಮಾಡಿಯಾಗಿತ್ತು. ಕೊನೆಯ ಕ್ಷಣಗಳಲ್ಲಿ ಚೆಂಡು ಹೆಸುಸ್ ಸಮೋರಾ ಕಾಲಿಗೆ ಬಂತು. 2-2. ಅಂಕ ಸಮ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಸೊಸಿಯೆದಾದ್ ಮೇಲು. ಲೂಯಿಸ್ ಅರ್ಕೊನಾದಾ ಗೋಲ್‌ಕೀಪರ್, ಅಲ್ಬೆರ್ತೊ ಒರ್ಮಾಯೆತ್ಸೆಯಾ ಕೋಚ್. ಆ ತಂಡದ ಹೆಚ್ಚುಕಮ್ಮಿ ಎಲ್ಲರೂ ಆ ಪ್ರಾಂತ್ಯದ ಹುಡುಗರೇ.

ಬಾಸ್ಕ್ ಆಟಗಾರರನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಅಲ್ವಾ?

ಅದು ಬಿಲ್ಬಾವೊದ ಅಥ್ಲೆಟಿಕ್, ಇವರಲ್ಲ. ಇವರೂ ದಶಕಗಳ ಕಾಲ ಹಾಗೇ ಇದ್ದರು, 1989ರಲ್ಲಿ ಬಿಟ್ಟರು. ಆ ವರ್ಷ ಲಿವರ್‌ಪೂಲ್‌ನಿಂದ ಜಾನ್ ಆಲ್ಡ್ರಿಜ್ ಬಂದ. ಊರಲ್ಲಿ ಎಲ್ಲರಿಗೂ ಇಷ್ಟವಾಗಲಿಲ್ಲ, ಆದರೆ ಅವನು ಗೋಲು ಹೊಡೆಯುತ್ತಾ ಹೋದ, ಗೊಣಗಾಟ ಇಳಿಯಿತು. ತಮಾಷೆ ಏನೆಂದರೆ ವಿದೇಶಿಯರಿಗೆ ಬಾಗಿಲು ತೆರೆದರೂ, ಬಾಸ್ಕ್ ಅಲ್ಲದ ಸ್ಪೇನಿನವರಿಗೆ ತೆರೆಯಲು ಇನ್ನೂ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಈಗಲೂ ತಂಡದ ಬೆನ್ನೆಲುಬು ಸುಬಿಯೆತಾ. ಊರ ಹೊರಗಿನ ತರಬೇತಿ ಕೇಂದ್ರ ಅದು. ಷಾಬಿ ಅಲೊನ್ಸೊ ಬಂದಿದ್ದು ಈ ಕ್ಲಬ್ಬಿನಿಂದಲೇ, ಅವರ ಅಪ್ಪ ಪೆರಿಕೊ 80ರ ದಶಕದ ಎರಡೂ ಲೀಗ್ ಗೆದ್ದ ತಂಡದಲ್ಲಿದ್ದವರು. ಫ್ರಾನ್ಸಿನ ಆಂಟೊಯಿನ್ ಗ್ರೀಜ್‌ಮನ್ ಹದಿನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು ಬೆಳೆದ. ಮಾರ್ತಿನ್ ಸುಬಿಮೆಂದಿ, 2024ರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಗೆಲುವಿನ ಗೋಲು ಹೊಡೆದ ಮಿಕೆಲ್ ಒಯಾರ್ಸಾಬಲ್ – ಇಬ್ಬರೂ ಸುಬಿಯೆತಾ ಹುಡುಗರು. ಬೆಳೆಸುತ್ತಾರೆ, ದೊಡ್ಡ ಕ್ಲಬ್ ಬಂದು ಒಯ್ಯುತ್ತದೆ, ಮತ್ತೆ ಬೆಳೆಸುತ್ತಾರೆ. ಅಭಿಮಾನಿಗಳಿಗೆ ಬೇಜಾರೇ, ಆದರೆ ಕ್ಲಬ್ ನಡೆಯುವುದೂ ಅದರಿಂದಲೇ.

ಅಥ್ಲೆಟಿಕ್ ಜೊತೆ ಡರ್ಬಿ (ನೆರೆಯ ತಂಡಗಳ ಪಂದ್ಯ) ಅಂದರೆ ಹೊಡೆದಾಟ ಇರುತ್ತಾ?

ಅಂಗಳದೊಳಗೆ ಜೋರು, ಹೊರಗೆ ಸಲೀಸು. ಎರಡೂ ಬಣ್ಣದ ಜನ ಒಟ್ಟಿಗೆ ನಡೆದು ಬರುತ್ತಾರೆ, ಒಟ್ಟಿಗೆ ಕೂರುತ್ತಾರೆ. ಒಂದೇ ಮನೆಯಲ್ಲಿ ಎರಡು ಜೆರ್ಸಿ ಇರುವುದುಂಟು.

1976ರ ಡಿಸೆಂಬರ್ 5ರಂದು ಆತೊಚಾದಲ್ಲಿ ಇವೆರಡು ತಂಡಗಳ ಪಂದ್ಯ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸತ್ತು ಒಂದು ವರ್ಷವಾಗಿತ್ತು, ಆದರೆ ಬಾಸ್ಕ್ ಬಾವುಟದ ಮೇಲಿನ ನಿಷೇಧ ಹಾಗೇ ಇತ್ತು. ಸೊಸಿಯೆದಾದ್ ಆಟಗಾರ ಉರಂಗಾ ಅವರ ತಂಗಿ ಹೊಲಿದ ಬಾವುಟ ಪೊಲೀಸರ ಕಣ್ಣು ತಪ್ಪಿಸಿ ಒಳಗೆ ಬಂತು. ನಾಯಕರಾದ ಕೊರ್ತಬಾರ್ರಿಯಾ ಮತ್ತು ಇರಿಬಾರ್ ಅದನ್ನು ಇಬ್ಬರೂ ಹಿಡಿದುಕೊಂಡು ಅಂಗಳಕ್ಕೆ ಇಳಿದರು. ಮುಂದಿನ ತಿಂಗಳೇ ನಿಷೇಧ ತೆಗೆದರು. ಅಂದಹಾಗೆ, ಪಂದ್ಯವನ್ನು ಸೊಸಿಯೆದಾದ್ 5-0ಯಿಂದ ಗೆದ್ದಿತು. ಬಾವುಟದ ಮಾತು ಬಂದಾಗ ಊರಿನವರು ಈ ಸ್ಕೋರನ್ನು ಸೇರಿಸದೆ ಬಿಡುವುದಿಲ್ಲ.

2020ರ ಕಪ್ಪನ್ನು 2021ರಲ್ಲಿ ಆಡಿದ್ದು ಯಾಕೆ?

ಫೈನಲ್‌ಗೆ ಬಂದಿದ್ದು ಇದೇ ಎರಡು ತಂಡಗಳು. ಕೋವಿಡ್ ಬಂತು. ಜನ ಇಲ್ಲದೆ ಈ ಪಂದ್ಯ ಬೇಡ, ಕಾಯೋಣ ಅಂತ ಇಬ್ಬರೂ ಒಪ್ಪಿದರು. ಕಾದಿದ್ದೇ ಬಂತು, ಕೊನೆಗೆ 2021ರ ಏಪ್ರಿಲ್ 3ರಂದು ಸೆವಿಯಾದ ಖಾಲಿ ಅಂಗಳದಲ್ಲೇ ಆಡಬೇಕಾಯಿತು. ಒಯಾರ್ಸಾಬಲ್ ಪೆನಾಲ್ಟಿ, 1-0. ಕೋಚ್ ಇಮಾನೊಲ್ ಅಲ್ಗ್ವಾಸಿಲ್ ಪತ್ರಿಕಾಗೋಷ್ಠಿಯಲ್ಲಿ ಮಾತು ಮುಗಿಸಿ, ತಂಡದ ಜೆರ್ಸಿ ಹಾಕಿಕೊಂಡು, ಎದ್ದು ನಿಂತು ಅಭಿಮಾನಿಗಳ ಹಾಡನ್ನು ಕಿರುಚಿದರು. ಅವರೂ ಇದೇ ಪ್ರಾಂತ್ಯದವರು, ಇದೇ ತಂಡಕ್ಕೆ ಆಡಿದವರು. ಆ ವಿಡಿಯೋ ಸಿಕ್ಕರೆ ನೋಡಿ.

ಹೆಣ್ಣುಮಕ್ಕಳ ತಂಡ ಇದೆಯಾ?

ಇದೆ, 2004ರಿಂದ. 2019ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು 2-1ರಿಂದ ಸೋಲಿಸಿ, ಸ್ಪೇನಿನ ಹೆಣ್ಣುಮಕ್ಕಳ ಕಪ್ ಆದ ರಾಣಿ ಕಪ್ ಗೆದ್ದಿತು. ಅದೇ ವರ್ಷ ಅನೊಯೆತಾದಲ್ಲಿ ಅಥ್ಲೆಟಿಕ್ ಎದುರಿನ ಪಂದ್ಯಕ್ಕೆ 21,000ಕ್ಕೂ ಜಾಸ್ತಿ ಜನ ಬಂದಿದ್ದರು.

ಅಂಗಳ ಬದಲಾದ ಮೇಲೆ ತಂಡ ಚೆನ್ನಾಗಿ ಆಡುತ್ತಿದೆಯಾ?

ಕಾಂಕ್ರೀಟಿನಿಂದ ಗೋಲು ಬೀಳುವುದಿಲ್ಲ. ಅದೇ ವರ್ಷಗಳಲ್ಲಿ ಒಳ್ಳೆಯ ಹುಡುಗರ ತಂಡವೂ ಬೆಳೆಯಿತು, ಯಾವುದರ ಪಾಲು ಎಷ್ಟು ಅಂತ ಅಳೆಯಲು ಆಗುವುದಿಲ್ಲ. ಆದರೆ 2023ರ ನವೆಂಬರ್‌ನಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಬಂದ ಪೋರ್ಚುಗಲ್ಲಿನ ಬೆನ್ಫಿಕಾ 21 ನಿಮಿಷದೊಳಗೆ ಮೂರು ಗೋಲು ತಿಂದು ಕಂಗಾಲಾಗಿದ್ದನ್ನು ನೋಡಿದರೆ, ಟ್ರ್ಯಾಕ್ ಇದ್ದಿದ್ದರೆ ಆ ಕಾವು ಅಂಗಳಕ್ಕೆ ತಲುಪುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಆ ಸಾಲಿನಲ್ಲಿ ಇಂಟರ್ ಮಿಲಾನ್ ಇದ್ದ ಗುಂಪಿನಲ್ಲಿ ಒಂದೂ ಸೋಲದೆ ಮೊದಲ ಸ್ಥಾನ ಪಡೆದರು. ಮುಂದಿನ ಸುತ್ತಿನಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಎರಡೂ ಪಂದ್ಯ ಗೆದ್ದು ಮನೆಗೆ ಕಳಿಸಿತು.

ಅಲ್ಲಿಗೆ ಹೋಗುವುದು ಹೇಗೆ? ಒಳಗೆ ಬಿಯರ್ ಸಿಗುತ್ತಾ?

ವಿಮಾನದಲ್ಲಿ ಬಿಲ್ಬಾವೊಗೆ ಬಂದರೆ ಅಲ್ಲಿಂದ ಸುಮಾರು 100 ಕಿಲೋಮೀಟರ್ ರಸ್ತೆ. ಫ್ರಾನ್ಸಿನ ಬಿಯಾರಿಟ್ಸ್ ಅದಕ್ಕಿಂತ ಹತ್ತಿರ, ಆದರೆ ಗಡಿ ದಾಟಬೇಕು. ಊರೊಳಗೆ ಯುಸ್ಕೊತ್ರೆನ್ ರೈಲು ಹತ್ತಿ ಅನೊಯೆತಾ ನಿಲ್ದಾಣದಲ್ಲಿ ಇಳಿಯಿರಿ. ಹಳೇ ಪೇಟೆಯಿಂದ ಉರುಮೆಯಾ ನದಿಯ ದಂಡೆ ಹಿಡಿದು ನಡೆದರೂ ಅರ್ಧ ಗಂಟೆ ಚಿಲ್ಲರೆ ದಾರಿ. ಪಂದ್ಯದ ದಿನ ನಡೆಯುವುದೇ ಒಳ್ಳೆಯದು, ಪಟ್ಟೆ ಜೆರ್ಸಿ ಕಂಡ ಕಡೆ ಹಿಂಬಾಲಿಸಿದರೆ ದಾರಿ ಕೇಳುವ ಕೆಲಸವೇ ಇಲ್ಲ.

ಬಿಯರ್ ಹೊರಗೇ ಮುಗಿಸಿಕೊಂಡು ಹೋಗಿ. ಸ್ಪೇನಿನಲ್ಲಿ ಅಂಗಳದ ಸಾಮಾನ್ಯ ಸೀಟುಗಳಿಗೆ ಮದ್ಯ ಮಾರುವ ಹಾಗಿಲ್ಲ. ಒಳಗೆ ಸಿಗುವುದು ಅಮಲಿಲ್ಲದ ಬಿಯರ್. ಜಾಕೆಟ್ ಇರಲಿ, ಆ ಕಡೆ ತುಂತುರು ಮಳೆ ಯಾವಾಗ ಬೇಕಾದರೂ ಬರುತ್ತದೆ. ಪಂದ್ಯ ಇಲ್ಲದ ದಿನ ಹೋದರೆ ಕ್ಲಬ್ಬಿನ ಮ್ಯೂಸಿಯಂ ನೋಡಬಹುದು.

ನಮ್ಮ ಕಡೆ ಪಂದ್ಯ ಎಷ್ಟು ಗಂಟೆಗೆ ಶುರು?

ಸ್ಪೇನಿನ ಬೇಸಿಗೆ ಸಮಯಕ್ಕೆ ಮೂರೂವರೆ ಗಂಟೆ ಸೇರಿಸಿ, ಚಳಿಗಾಲದ ಸಮಯಕ್ಕೆ ನಾಲ್ಕೂವರೆ. ಅಲ್ಲಿ ರಾತ್ರಿ 9ರ ಪಂದ್ಯ ಸೆಪ್ಟೆಂಬರ್‌ನಲ್ಲಿ ನಮಗೆ 12:30ಕ್ಕೆ, ಡಿಸೆಂಬರ್‌ನಲ್ಲಿ 1:30ಕ್ಕೆ. ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಭಾನುವಾರ ರಾತ್ರಿಯ ಪಂದ್ಯ ಅಂದರೆ ನಮಗೆ ಸೋಮವಾರ ಆಗಿರುತ್ತದೆ, ರಿಮೈಂಡರ್ ಇಡುವಾಗ ತಾರೀಖು ನೋಡಿಕೊಳ್ಳಿ. ನಿದ್ದೆಗೆಡಲು ಆಗುವುದಿಲ್ಲ ಅನ್ನುವವರು ಮಧ್ಯಾಹ್ನದ ಪಂದ್ಯಗಳನ್ನು ಹುಡುಕಿ. ಅಲ್ಲಿ 2 ಗಂಟೆಗೆ ಶುರುವಾದರೆ ನಮಗೆ ಸಂಜೆ ಐದೂವರೆ ಅಥವಾ ಆರೂವರೆ.